ಹೆಸರು ಹಿಡಿದು ಕೂಗುವುದು

ಪಟ್ಟಿ ಬರೆಯುವುದು ನನ್ನ ಹುಚ್ಚು. ಬರೆದ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಸಂತೆಗೆ ಹೋಗುವುದು ಅದರ ಮುಂದಿನ ಭಾಗ. ಇಂಥವನನ್ನು ನಂಬಿ ನಂಗವಳ್ಳಿ ಕಡೆಯ ಹಾಲಿನ ಸಂಘವೊಂದು ತನ್ನ ವೆಬ್‌ಸೈಟ್ ಒಪ್ಪಿಸಿದೆ.

ವೆಬ್‌ಸೈಟಿನೊಳಗೆ ಕಂಟ್ರೋಲರ್‌ಗಳೆಂಬ ಮೇಸ್ತ್ರಿಗಳಿರುತ್ತಾರೆ. ಹಸುಗಳ ವಿವರಕ್ಕೊಬ್ಬ, ಲಸಿಕೆಗೊಬ್ಬ. ಸೇರಿಸುವುದು, ತಿದ್ದುವುದು ಮುಂತಾಗಿ ಅವರು ಮಾಡುವ ಒಂದೊಂದು ಕೆಲಸಕ್ಕೂ ಆಕ್ಷನ್ ಎಂದು ಹೆಸರು. ಯಾರಿಗೆ ಯಾವುದರ ಅನುಮತಿ ಎಂದು ಗುರುತು ಹಾಕಲು ಅವೆಲ್ಲದರ ಪಟ್ಟಿ ಬೇಕಿತ್ತು. ಕೈಯಾರೆ ಬರೆದು ಎಣಿಸಿದೆ. ನಲವತ್ತೆರಡು. ಇರಬೇಕಾದದ್ದೂ ಅಷ್ಟೇ. ಆ ಪಟ್ಟಿಯಂತೆಯೇ ಅನುಮತಿ ಹಾಕಿ, ಬೀಗುತ್ತಾ ಟೀ ಕುಡಿದೆ.

ಮರುದಿನ ಬೆಳಿಗ್ಗೆ, ಸಂಘದಲ್ಲಿ ಲಸಿಕೆ ದಾಖಲಿಸುವ ರತ್ನಕ್ಕನ ಫೋನು. "ತಂಬಿ, ನನ್ ಪೇಜೇ ಕಾಣ್ತಿಲ್ಲ, ಅನುಮತಿ ಇಲ್ಲ ಅಂತ ಬರ್ತೈತೆ. ವೇಲೆಯಿಂದ ತೆಗೆದ್ಬುಟ್ರಾ? ಇದ್ದದ್ದು ಏಳ್ಬುಡಪ್ಪಾ." ಅವರ ಕಡೆ ಕೆಲಸಕ್ಕೆ ತಮಿಳಿನ ವೇಲೆ ಎಂಬ ಮಾತೇ ಬಳಕೆ. ಗಂಡ ಹೋದಮೇಲೆ ಕಂಪ್ಯೂಟರ್ ಕಲಿತು ಆ ಕುರ್ಚಿಯಲ್ಲಿ ಕೂತ ಹೆಂಗಸು. ನೋಡಿದರೆ, ನಾನು ಒಂದು ಆಕ್ಷನ್ನನ್ನು ಎರಡು ಸಲ ಬರೆದು ಅವರದನ್ನೇ ಬಿಟ್ಟಿದ್ದೆ. ತಪ್ಪು ನನ್ನದೇ ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ನಮ್ಮಲ್ಲಿ ಕುರಿ ಎಣಿಸುವುದಿಲ್ಲ, ಎಣಿಸಿದರೆ ಕಡಿಮೆಯಾಗುತ್ತವಂತೆ. ಅವ್ವ ದಿನಾ ಮುಸ್ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಕರಿಯಿ, ಬೆಳ್ಳಿ, ಚುಕ್ಕಿ ಎಂದು ಒಂದೊಂದನ್ನೇ ಕೂಗುತ್ತಾಳೆ. ನನ್ನ ಸಪ್ಪೆ ಮುಖದ ಕಾರಣ ಕೇಳಿ, "ಎಣಿಸಿದ್ರೆ ಎಷ್ಟೈತೆ ಅಂತ ಗೊತ್ತಾಯ್ತದೆ. ಯಾವ್ದಿಲ್ಲ ಅಂತ ಗೊತ್ತಾಯ್ತದೇನ್ಲಾ? ಕೂಗ್ಬೇಕು," ಅಂದಳು.

ಅಂದೇ ಕೂತು, ನಡೆಯುತ್ತಿರುವ ಪ್ರೋಗ್ರಾಮನ್ನೇ "ನಿನ್ನೊಳಗೆ ಯಾರ್ಯಾರಿದ್ದೀರಿ, ಏನೇನು ಮಾಡುತ್ತೀರಿ?" ಎಂದು ಕೇಳುವ ನಾಲ್ಕು ಸಾಲು ಬರೆದೆ. ಪಂಡಿತರು ಇದನ್ನು ರಿಫ್ಲೆಕ್ಷನ್ ಎನ್ನುತ್ತಾರೆ, ಪ್ರೋಗ್ರಾಮು ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಿಕೊಳ್ಳುವುದು. ಎಲ್ಲರೂ ಓಗೊಟ್ಟರು, ರತ್ನಕ್ಕನ ಲಸಿಕೆಯೂ. ಅವ್ವನ ವಿದ್ಯೆಗೆ ಇಷ್ಟು ದೊಡ್ಡ ಹೆಸರಿರುವುದು ಅವಳಿಗಿನ್ನೂ ಗೊತ್ತಿಲ್ಲ.

ಮಾರನೆಯ ದಿನ ನಾನೇ ಬಸ್ಸು ಹತ್ತಿ ನಂಗವಳ್ಳಿಗೆ ಹೋದೆ. ಅಂಥ ಭಯ ಫೋನಿನಲ್ಲಿ ಹೋಗುವುದಿಲ್ಲ. ಪೇಜು ತೆರೆದುಕೊಂಡಾಗ ರತ್ನಕ್ಕ ಸೆರಗಿನಿಂದ ಮೊದಲು ಪರದೆ ಒರೆಸಿದರು, ಆಮೇಲೆ ಕಣ್ಣು. "ಐತೆ ತಂಬಿ, ಐತೆ," ಅಂದರು. ಕಾಫಿ ಕುಡಿಯದೆ ಬಿಡಲಿಲ್ಲ.

ಅದರಿಂದ ಬಸ್ಸು ತಪ್ಪಿ ಊರು ಸೇರುವಾಗ ಕತ್ತಲು ಕವಿಯುತ್ತಿತ್ತು. ಕುರಿಗಳೆಲ್ಲ ಒಳಗಿದ್ದವು, ದೊಡ್ಡಿಯ ಬಾಗಿಲು ಮಾತ್ರ ಇನ್ನೂ ತೆರೆದಿತ್ತು. ಅವ್ವ ದಾರಿಯ ಕಡೆ ಮುಖಮಾಡಿ ಕೂಗುತ್ತಿದ್ದಳು. ಈ ಸಲ ನನ್ನ ಹೆಸರು.

"ಬಂದೆ ಅವ್ವಾ," ಅಂದೆ. ಆಮೇಲೆ ಅವಳು ಅಗುಳಿ ಹಾಕಿದಳು.