ನೋಡದೆ ಬರೆದ ಪದ್ಯ

ಗುಬ್ಬಿಯಲ್ಲಿ ಮದುವೆಯಾಗಲಿ, ಸನ್ಮಾನವಾಗಲಿ, ಸರ್ಕಾರಿ ಹೈಸ್ಕೂಲಿನ ಕನ್ನಡ ಪಂಡಿತ ಸುಬ್ಬಕೃಷ್ಣನವರ ಪದ್ಯವಿಲ್ಲದೆ ನಡೆಯುತ್ತಿರಲಿಲ್ಲ. ಷಟ್ಪದಿ ಅವರ ನಾಲಗೆಯ ತುದಿಯಲ್ಲೇ ಇತ್ತು. 1958ರಲ್ಲಿ ಅಕ್ಕಿ ಗಿರಣಿಯ ಸಾಹುಕಾರ ರುದ್ರಯ್ಯನವರ ಸನ್ಮಾನಕ್ಕೂ ಅವರೇ ಎಂಟು ಪದ್ಯ ಕಟ್ಟಿ ಹಾಡಿದರು. ಗಿರಣಿಯ ಹೆಣ್ಣಾಳುಗಳು ನಗುನಗುತ್ತ ದುಡಿಯುತ್ತಾರೆಂದು ಒಂದರಲ್ಲಿ ಬಂದಿತ್ತು. ಜನ ಚಪ್ಪಾಳೆ ತಟ್ಟಿದರು.

ತಿಂಗಳೊಳಗೆ ಆ ಗಿರಣಿಯ ಯಂತ್ರದ ಬೆಲ್ಟು ಹನುಮಂತಮ್ಮ ಎಂಬ ಹದಿನೇಳರ ಹುಡುಗಿಯ ಸೆರಗನ್ನು ಸೆಳೆದುಕೊಂಡಿತು. ಅವಳು ಅಲ್ಲೇ ತೀರಿಕೊಂಡಳು. ಹುಡುಗಿಯದೇ ಅಜಾಗರೂಕತೆ ಎಂದು ಸಾಹುಕಾರರು ಮಾತು ಮುಗಿಸಿದರು.

ಹತ್ತು ದಿನದ ಮೇಲೆ ಅವಳ ತಾಯಿ ಗಿರಿಯಮ್ಮ ನಿಟ್ಟೂರಿನಿಂದ ನಡೆದು ಬಂದು ಪಂಡಿತರ ಜಗಲಿಯ ಕೆಳಗೆ ನಿಂತಳು.

"ಗಿರಣಿ ಹೆಣ್ಮಕ್ಕಳು ನಗ್ತಾ ಕೆಲ್ಸ ಮಾಡ್ತಾರೆ ಅಂತ ಪದ ಕಟ್ಟಿದ್ರಂತೆ. ನನ್ ಮಗ್ಳು ನಕ್ಕಿದ್ದ ನೋಡಿದ್ರಾ ಸ್ವಾಮಿ? ಮನೇಲಿ ಬರೀ ಕೆಮ್ಮೋಳು. ಅಲ್ಲಾದ್ರೂ ನಗ್ತಿದ್ಲು ಅಂದ್ರೆ ಒಸಿ ಸಮಾಧಾನ ಆಯ್ತದೆ."

ಸುಬ್ಬಕೃಷ್ಣನವರು ಗಿರಣಿಯ ಬಾಗಿಲನ್ನೇ ದಾಟಿದವರಲ್ಲ. "ನಾನು ನೋಡಿಲ್ಲ ಕಣಮ್ಮ" ಎಂದರು.

ಮಾರನೆಯ ದಿನ ಗಿರಣಿಗೆ ಹೋದರು. ದೂಳಿನಲ್ಲಿ ಹೆಂಗಸರ ಮುಖವೇ ಕಾಣುತ್ತಿರಲಿಲ್ಲ. ತೌಡಿನ ಚೀಲದ ಮೇಲೆ ಒಂದು ಕೂಸು ಮಲಗಿತ್ತು. ಅದರಿಂದ ಮೂರು ಮಾರು ದೂರದಲ್ಲಿ ಬೆಲ್ಟು ಯಾವ ತಡೆಯೂ ಇಲ್ಲದೆ ಓಡುತ್ತಿತ್ತು.

ಆ ವರ್ಷದ ರಾಜ್ಯೋತ್ಸವದಲ್ಲಿ, ರುದ್ರಯ್ಯನವರು ವೇದಿಕೆಯ ಮೇಲೆ ಕೂತಿದ್ದಂತೆಯೇ, ಪಂಡಿತರು ಹನುಮಂತಮ್ಮನ ಹೆಸರು ಹಿಡಿದು ಪದ್ಯ ಓದಿದರು. ನೋಡದೆ ಹೊಗಳಿದ ತಮ್ಮ ತಪ್ಪನ್ನೂ ಅದರಲ್ಲಿ ಒಪ್ಪಿಕೊಂಡಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ನಿಂತಿದ್ದ ಗಿರಣಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು.

"ಕೆಲ್ಸಕ್ಕೇ ಕುತ್ತು ತಂದ್ಕೊಂಡ್ರಲ್ಲ" ಎಂದು ಹೆಂಡತಿ ಕೌಸಲ್ಯ ಮನೆಯಲ್ಲಿ ಕಣ್ಣೀರಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತಾನೇ, "ಓದಿದ್ದೇನೋ ಸರೀನೇ ಅನ್ನಿ" ಎಂದಳು.

ಪದ್ಯ ಬಾಯಿಂದ ಬಾಯಿಗೆ ಹರಡಿತು. ತುಮಕೂರಿನಿಂದ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬಂದರು, ಬೆಲ್ಟಿಗೆ ಕಬ್ಬಿಣದ ಜಾಲರಿ ಬಿತ್ತು. ಪಂಡಿತರಿಗೆ ಕುಣಿಗಲ್ಲಿಗೆ ವರ್ಗವಾಯಿತು.

ಹೊರಡುವ ಮುನ್ನ ಗಿರಿಯಮ್ಮನನ್ನು ಕರೆದೊಯ್ದು ಜಾಲರಿ ತೋರಿಸಿದರು. ಅವಳು ಅದನ್ನು ಮುಟ್ಟಿ ನೋಡಿದಳು.

"ಇದ ಹಾಕಕ್ಕೆ ಎಷ್ಟು ದಿನ ಹಿಡೀತು ಸ್ವಾಮಿ?"

"ಅರ್ಧ ದಿನ ಕಣಮ್ಮ."

ಗಿರಿಯಮ್ಮ ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತಳು. ಪಂಡಿತರು ಪಕ್ಕದಲ್ಲೇ ನೆಲದ ಮೇಲೆ ಕೂತರು.

ಕುಣಿಗಲ್ಲಿನಲ್ಲಿ ಅವರು ಹೆಚ್ಚು ಬರೆಯಲಿಲ್ಲ. ಬರೆದರೆ, ಯಾರ ಮೇಲೆ ಬರೆದರೋ ಅವರಿಗೇ ಮೊದಲು ಓದಿ ಹೇಳುತ್ತಿದ್ದರು.