ಬೈಟು ಮಾತ್ರೆ

ದೊಮ್ಮಲೂರಿನ ಪಟಾಲಮ್ಮನಿಗೆ ಸರ್ಕಾರ ಒಂದು ರಕ್ತಪರೀಕ್ಷೆ ಬಾಕಿ ಇಟ್ಟುಕೊಂಡಿದೆ. ವರ್ಷ ದಾಟಿತು. ಅವಳ ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಎಂದು ಹೇಳುವ ‘ವೈರಲ್ ಲೋಡ್’ ಪರೀಕ್ಷೆ ಅದು. ಅದಿಲ್ಲದೆ ಅವಳಿಗೆ ಹೊಸ ಮಾತ್ರೆ ಸಿಗುವುದಿಲ್ಲ.

ಪಟಾಲಮ್ಮ ಗುತ್ತಿಗೆಯ ಪೌರಕಾರ್ಮಿಕೆ. ಬೆಳಗಿನ ಆರಕ್ಕೆ ಹಾಜರಿ. ಇಂದಿರಾನಗರದ ಎರಡು ಕ್ರಾಸು ಅವಳ ಪಾಲಿಗೆ. ಅಲ್ಲಿನ ಬಂಗಲೆಯವರು ಅವಳಿಗೆ ನೀರು ಕೊಡುವುದು ಬೇರೆ ಇಟ್ಟ ಪ್ಲಾಸ್ಟಿಕ್ ಲೋಟದಲ್ಲಿ. ಅವಳ ರೋಗ ಅವರಿಗೆ ಗೊತ್ತಿಲ್ಲ. ಪೊರಕೆ ಕಂಡೇ ಅಷ್ಟು ಮಡಿ.

2005ರಲ್ಲಿ ಅವಳಿಗೂ ಗಂಡ ಅಮರಪ್ಪನಿಗೂ ಎಚ್‌ಐವಿ ಇರುವುದು ಒಂದೇ ದಿನ ಗೊತ್ತಾಯಿತು. ಮೈ ಕಾಯುವ ಕಣಗಳ ಎಣಿಕೆ, ಸಿಡಿ-ಫೋರ್ ಅನ್ನುತ್ತಾರಲ್ಲ, ಅವಳದು ನೂರ ಅರವತ್ತು, ಅವನದು ಇನ್ನೂರ ಎಪ್ಪತ್ತು. ಇನ್ನೂರರ ಕೆಳಗಿಳಿದವರಿಗೆ ಮಾತ್ರ ಪುಕ್ಕಟೆ ಮಾತ್ರೆ ಎಂದು ಆಸ್ಪತ್ರೆಯವರು ನಿಯಮ ಓದಿದರು. ಹೆಂಡತಿಗೆ ಡಬ್ಬಿ ಸಿಕ್ಕಿತು. ಗಂಡ ಬರಿಗೈಲಿ ಬಂದ.

ಹಲಸೂರು ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಒಂದು ಟೀಯನ್ನು ಬೈಟು ಮಾಡಿ ಕುಡಿದ ಜೋಡಿ ಅದು. ಮಾತ್ರೆಯನ್ನೂ ಬೈಟು ಮಾಡಿದರು. ಬೆಳಗಿನದು ಅವಳಿಗೆ, ಸಂಜೆಯದು ಅವನಿಗೆ.

"ನಾನೊಬ್ಳೇ ಬದುಕಿ ಏನ್ ಮಾಡ್ಲಿ? ನಿನ್ ಫೋಟೋಗೆ ಹೂವ ಹಾಕ್ಲಾ?" ಅಂದಳಂತೆ.

"ಹೂವ ಬ್ಯಾಡ ಕಣೇ, ಒಂದು ಬೀಡಿ ಹಚ್ಚಿಡು," ಅಂದನಂತೆ ಅಮರಪ್ಪ.

ತಿಂಗಳಿಗೆ ಅರವತ್ತು ಮಾತ್ರೆ, ಡಬ್ಬಿ ಸರಿಯಾಗಿ ಖಾಲಿಯಾಗುತ್ತಿತ್ತು. ಆಸ್ಪತ್ರೆಯಲ್ಲಿ ಡಬ್ಬಿ ಅಲ್ಲಾಡಿಸಿ ನೋಡಿ ಶಹಬ್ಬಾಸ್ ಅಂದರು. ಯಾರ ಹೊಟ್ಟೆಗೆ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ. ಅರ್ಧ ಔಷಧಿಗೆ ವೈರಸ್ ಬಗ್ಗುತ್ತದೆಯೇ? ಏಟು ತಿಂದೂ ತಿಂದೂ ಪಳಗಿದ ಪೋಕರಿಯಂತೆ ಅದು ಔಷಧಿಗೇ ಒಗ್ಗಿಕೊಳ್ಳುತ್ತದೆ. ಆಮೇಲೆ ಆ ಮಾತ್ರೆ ನಾಟುವುದಿಲ್ಲ, ಬೇರೆಯದೇ ಬೇಕು.

2007ರಲ್ಲಿ ಅಮರಪ್ಪನ ಎಣಿಕೆ ಇನ್ನೂರರ ಕೆಳಗಿಳಿದು ಅವನಿಗೂ ಡಬ್ಬಿ ಬಂತು. ಆಮೇಲೆ ಇಬ್ಬರೂ ಹೊತ್ತು ತಪ್ಪಿಸದೆ ನುಂಗಿದರು. ಅವನಿಗೆ ತಡವಾಗಿತ್ತು. ಹೋದ ವರ್ಷ, 2009ರಲ್ಲಿ, ಟಿಬಿ ಕೊಂದಿತು.

ಪಟಾಲಮ್ಮನ ಎಣಿಕೆ ಮಾತ್ರ ಮುನ್ನೂರರ ಆಸುಪಾಸಿನಲ್ಲೇ ನಿಂತಿದೆ. ವೈರಸ್ ಒಳಗೆ ಹೆಚ್ಚುತ್ತಿದ್ದರೂ ಕಾವಲು ಬಿಡದ ಮೈಗಳಿರುತ್ತವೆ. ಎಷ್ಟು ದಿನ ಎಂದು ಯಾರೂ ಹೇಳಲಾರರು. ಇವಳಿಗೆ ಎರಡು ಸಲ ಸರ್ಪಸುತ್ತು ಬಂತು. ಬಾಯಿ ತುಂಬ ಬಿಳಿ ಹುಣ್ಣು, ಮುದ್ದೆ ಇಳಿಯುತ್ತಿಲ್ಲ.

ಗಂಡನ ತಿಥಿ ಮುಗಿಸಿದವಳೇ ಆಸ್ಪತ್ರೆಯ ಸಲಹೆಗಾರ್ತಿ ಸುಕನ್ಯಳ ಮುಂದೆ ಎಲ್ಲ ಒಪ್ಪಿಕೊಂಡಳು. ನಿಜ ಹೇಳಿದರೆ ಪರೀಕ್ಷೆ ಮಾಡಿಸುತ್ತಾರೆ ಎಂದು ನಂಬಿದ್ದಳು.

"ಬುದ್ಧಿ ಇಲ್ವೇನ್ರೀ? ಹಂಚೋಕೆ ಅದೇನು ದೇವಸ್ಥಾನದ ಪುಳಿಯೋಗರೇನಾ?" ಎಂದಳು ಸುಕನ್ಯ.

"ಅವನ ಪಾಲು ಅವನಿಗೆ ಕೊಟ್ಟಿದ್ರೆ ನಾನ್ಯಾಕಮ್ಮ ಹಂಚ್ತಿದ್ದೆ?"

ಅವಳ ಫೈಲಿಗೆ ಕೆಂಪು ಶಾಯಿ ಬಿತ್ತು: ‘ನಿಯಮ ಪಾಲಿಸದ ರೋಗಿ’. ಡಾಕ್ಟರು ಅದನ್ನು ಓದಿದರು, ಮುಖ ನೋಡಲಿಲ್ಲ.

"ಕೌಂಟ್ ಮುನ್ನೂರೈದು ಇದೆಯಲ್ಲಮ್ಮ. ಬೀಳ್ಲಿ, ಆಮೇಲೆ ವೈರಲ್ ಲೋಡ್‌ಗೆ ಬರೀತೀನಿ."

"ನಾನು ಬಿದ್ರೆ ಎತ್ತೋರು ಯಾರು ಸಾರ್? ಎತ್ತೋನು ಹೋದ್ನಲ್ಲ."

"ರೂಲ್ಸ್ ನಾನ್ ಮಾಡಿಲ್ಲ. ನೆಕ್ಸ್ಟ್!"

ಆಮೇಲೆ ಐದು ಸಲ ಹೋದಳು. ಐದು ಸಲವೂ ಅದೇ ಉತ್ತರ. ಅವಳು ತನ್ನ ತಪ್ಪು ಒಪ್ಪಿದ್ದಾಳೆ. ಇನ್ನೂರ ಎಪ್ಪತ್ತು ಇದ್ದ ಗಂಡಸನ್ನು, ಇನ್ನಷ್ಟು ಸೊರಗಿ ಬಾ ಎಂದು ವಾಪಸ್ ಅಟ್ಟಿದವರು ಇವತ್ತಿಗೂ ಒಪ್ಪಿಲ್ಲ.

ಬರುವ ಸೋಮವಾರ ಹತ್ತು ಗಂಟೆಗೆ ಪಟಾಲಮ್ಮ ಡಾಕ್ಟರ ಬಾಗಿಲಲ್ಲಿ ಕೂರುತ್ತಾಳೆ. ಪರೀಕ್ಷೆಗೆ ಚೀಟಿ ಬರೆಯುವ ತನಕ ಏಳುವುದಿಲ್ಲ. ಅಯ್ಯೋ ಪಾಪ ಎಂದು ಲೊಚಗುಟ್ಟುವವರು ಮನೆಯಲ್ಲೇ ಇರಿ. ಓದಿದ ನೀವು, ಹೌದು, ನಿಮಗೇ ಹೇಳುತ್ತಿರುವುದು, ಕೆಲಸಕ್ಕೆ ರಜೆ ಹಾಕಿ ಬನ್ನಿ. ಅವಳ ಪಕ್ಕ ಆ ಫಿನಾಯಿಲ್ ನೆಲದ ಮೇಲೆ ಕೂತು, ಇವಳು ಬೀಳುವ ಮುಂಚೆ ಪರೀಕ್ಷೆ ಮಾಡಿ ಎಂದು ಗಟ್ಟಿಯಾಗಿ ಕೇಳಿ. ಬರುತ್ತೀರೋ, ಇಲ್ಲವೋ?