ಒಂದು ಹಿಡಿ ಕೊಸರು

ದೊಡ್ಡವರ ಬಾಸ್ಕೆಟ್‌ಬಾಲ್ ಆಟದ ನಡುವೆ ನಾನು ಮೊದಲ ಸಲ ರೆಫರಿಯಾಗಿ ನಿಂತದ್ದು ಕಳೆದ ವರ್ಷ, ನಮ್ಮ ಮಂಗಳೂರಿನಲ್ಲೇ. ಮೊದಲ ಕೆಲವು ನಿಮಿಷ ನಾನು ಆಟ ನಡೆಸಲಿಲ್ಲ, ಸುಮ್ಮನೆ ನೋಡಿದೆ. ಬಾಯಿ ಬಿಟ್ಟು ನೋಡಿದೆ ಅನ್ನಬೇಕು, ಆದರೆ ಬಾಯಲ್ಲಿ ವಿಶಲ್ ಇತ್ತಲ್ಲ, ಅದು ಮಾನ ಉಳಿಸಿತು. ಅಬ್ಬಾ, ಆ ಹೆಣ್ಣುಮಕ್ಕಳು! ನಮ್ಮ ಶಾಲೆಯ ಮಕ್ಕಳು ಚೆಂಡು ಬಡಿದರೆ ಟಪ್ ಟಪ್ ಅಂತ ಕೇಳುತ್ತದೆ, ಅಷ್ಟೆ. ಇವರು ಬಡಿದದ್ದು ನನ್ನ ಪಾದದಿಂದ ಹತ್ತಿ ಎದೆಗೂಡಿನವರೆಗೆ ಬರುತ್ತಿತ್ತು. ಒಬ್ಬಳು ಓಡಿಬಂದು ನನ್ನ ಪಕ್ಕದಲ್ಲಿ ತಿರುಗಿದಾಗ ಗಾಳಿ ಬೀಸಿ ನನ್ನ ತಲೆವಸ್ತ್ರದ ಅಂಚು ಅಲ್ಲಾಡಿತು. ಒಂದು ತಂಡದ, ಬುಟ್ಟಿಯ ಬುಡದಲ್ಲಿ ಆಡುವ ಸೆಂಟರ್ ಹುಡುಗಿಯಂತೂ ನನಗಿಂತ ಹತ್ತಿರ ಹತ್ತಿರ ಒಂದು ಮೊಳ ಎತ್ತರ. ಅವಳ ಮುಖ ನೋಡಬೇಕಾದರೆ ನಾನು ಕತ್ತೆತ್ತಬೇಕಿತ್ತು. ಇವಳ ತಪ್ಪು ಹಿಡಿಯಲು ನನ್ನನ್ನು ಕಳಿಸಿದ್ದಾರಲ್ಲ ಯಾ ಅಲ್ಲಾ, ಅಂದುಕೊಂಡೆ.

ನಾನು ಸುರತ್ಕಲ್ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ನನ್ನ ಅಪ್ಪನಿಗೆ, ಅಂದರೆ ಬಾಪನಿಗೆ, ಬಂದರಿನಲ್ಲಿ ಒಣಮೀನಿನ ಅಂಗಡಿ. ಕಾಲೇಜಿನಲ್ಲಿ ನಾನೂ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ, ಆದರೆ ಆಡಿದ್ದಕ್ಕಿಂತ ಹೊರಗೆ ಕುಳಿತು ಉಳಿದವರ ನೀರಿನ ಬಾಟಲಿ ಕಾದದ್ದೇ ಹೆಚ್ಚು. ಎತ್ತರ ಕೊಡುವವನು ಮೇಲಿನವನು, ಕೊಡಲಿಲ್ಲ, ಏನು ಮಾಡುವುದು? ದೊಡ್ಡ ಆಟದ ಕೋರ್ಟಿನೊಳಗೆ ಕಾಲಿಡಲು ನನಗೆ ಉಳಿದದ್ದು ವಿಶಲಿನ ದಾರಿ ಒಂದೇ. ಆ ದಾರಿಯಲ್ಲಿ ವರ್ಷಗಟ್ಟಲೆ ನಾನು ದಾಟಿದ್ದು ಶಾಲೆಗಳ ಸಿಮೆಂಟ್ ಕೋರ್ಟುಗಳನ್ನು ಮಾತ್ರ, ಅದೂ ಮಧ್ಯಾಹ್ನದ ಸುಡುಬಿಸಿಲಿನಲ್ಲಿ.

ಶಾಲೆಯ ಆಟಗಳಲ್ಲಿ ನಾನು ಬಹಳ ಒಳ್ಳೆಯ ರೆಫರಿ ಅಂತ ಹೆಸರು. ಯಾಕೆಂದರೆ ನಾನು ಕೊಸರು ಕೊಡುತ್ತಿದ್ದೆ. ಅಂಗಡಿಯಲ್ಲಿ ಬೆಳೆದವಳಲ್ಲವೆ, ಕೈ ಸುಮ್ಮನಿರಬೇಕಲ್ಲ. ಬಾಪ ಸಿಗಡಿ ತೂಗಿಕೊಟ್ಟು ಮೇಲೊಂದು ಹಿಡಿ ಹಾಕುವ ಹಾಗೆ ನಾನು ಫೌಲ್ ಹಾಕುತ್ತಿದ್ದೆ. ಒಂದು ತಂಡದ ಮೇಲೆ ತಪ್ಪಾಗಿ ವಿಶಲ್ ಊದಿದೆ ಅನ್ನಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ತಂಡದ ಮೇಲೂ ಒಂದು ಊದಿ ಸಮ ಮಾಡುತ್ತಿದ್ದೆ. ಚಿಕ್ಕವಳು ಬಿದ್ದರೆ ತಪ್ಪು ದೊಡ್ಡವಳದ್ದೇ ಎಂಬುದು ನನ್ನ ಇನ್ನೊಂದು ಕಾನೂನು. ಮಕ್ಕಳು ಅಳುತ್ತಿರಲಿಲ್ಲ, ತಂದೆತಾಯಿ ಜಗಳಕ್ಕೆ ಬರುತ್ತಿರಲಿಲ್ಲ. "ಟೀಚರ್ ಭಾರೀ ಒಳ್ಳೆಯವರು" ಅನ್ನುತ್ತಿದ್ದರು.

ಇದನ್ನೆಲ್ಲ ಒಂದು ದಿನ ಮೂಲೆಯಲ್ಲಿ ನಿಂತು ನೋಡಿದವರು ಬಾಯಮ್ಮ. ಅವರು ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ಹಿರಿಯ ನರ್ಸ್, ನಮ್ಮ ಜಿಲ್ಲೆಯ ರೆಫರಿಗಳಲ್ಲಿ ಎಲ್ಲರಿಗಿಂತ ಮೇಲಿನವರು. ಊರವರು ಗೌರವಕ್ಕೆ ಬಾಯಮ್ಮ ಅನ್ನುತ್ತಾರೆ, ಆದರೆ ಆಟ ನಡೆಯುವಾಗ ಅವರು ಬಾಯಿ ತೆರೆದದ್ದನ್ನು ಯಾರೂ ಕಂಡಿಲ್ಲ. ಎಲ್ಲ ಮಾತು ಕೈಯಲ್ಲೇ. ಆ ದಿನ ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಬಾಯಿ ತೆರೆದರು.

"ನೀನು ಓಡ್ತಿ ಚಂದ. ಕಣ್ಣೂ ಉಂಟು. ಆದ್ರೆ ನೀನು ರೆಫರಿ ಅಲ್ಲ ಮಾರಾಯ್ತಿ, ಅಂಗಡಿಯವಳು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಎಂತ ಬಾಯಮ್ಮ ಹಾಗೆ ಹೇಳುವುದು?" ಅಂದೆ.

"ಆ ಕಡೆಯವರಿಗೆ ಒಂದು ತಪ್ಪು ಫೌಲ್ ಕೊಟ್ಟೆ. ಆಮೇಲೆ ಈ ಕಡೆಯವರಿಗೆ ಒಂದು ಸುಳ್ಳು ಫೌಲ್ ಕೊಟ್ಟೆ. ಎಂತಕ್ಕೆ?"

"ಸಮ ಆಗ್ಲಿ ಅಂತ."

"ಒಂದು ತಪ್ಪು ಇದ್ದದ್ದು ಎರಡಾಯ್ತು. ಸಮ ಎಲ್ಲಿ ಆಯ್ತು? ಒಬ್ಬ ಪೇಶೆಂಟಿಗೆ ತಪ್ಪು ಮದ್ದು ಕೊಟ್ಟೆ ಅಂತ ಪಕ್ಕದ ಬೆಡ್ಡಿನವನಿಗೂ ತಪ್ಪು ಮದ್ದು ಕೊಡ್ಲಿಕ್ಕೆ ಉಂಟಾ?"

ಅಷ್ಟಕ್ಕೇ ಅವರು ಬಿಡಲಿಲ್ಲ. ಮುಂದಿನ ತಿಂಗಳುಗಳಲ್ಲಿ ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋದರು, ಪಕ್ಕದಲ್ಲಿ ಕೂರಿಸಿದರು, ಬೈದರು. "ಮೇಲಿನ ಆಟದಲ್ಲಿ ಕೊಸರು ಇಲ್ಲ. ನೆನಪಿರ್ಲಿ" ಅನ್ನುವುದು ಅವರ ಜಪ. ಕೊನೆಗೆ ರಾಜ್ಯಮಟ್ಟದ ಹೆಂಗಸರ ಟೂರ್ನಮೆಂಟ್ ಮಂಗಳೂರಿಗೆ ಬಂದಾಗ, ಅದರ ಒಂದು ಸೆಮಿಫೈನಲ್‌ಗೆ ತಮ್ಮ ಜೊತೆ ನನ್ನನ್ನೂ ನಿಲ್ಲಿಸಲು ಒಪ್ಪಿಸಿದರು. ಅದು ಪರೀಕ್ಷೆಯ ಹಾಗೆ. ಬೆಂಗಳೂರಿನಿಂದ ಬಂದ ಪರಿಶೀಲಕರೊಬ್ಬರು ನನ್ನನ್ನೇ ನೋಡಲು ಕುಳಿತಿರುತ್ತಾರೆ. ಅವರು ಆಗಬಹುದು ಅಂದರೆ ನನ್ನ ಹೆಸರು ಮೇಲಿನ ಪಟ್ಟಿಗೆ. ಆಗದು ಅಂದರೆ ವಾಪಸ್ ಸಿಮೆಂಟ್ ಕೋರ್ಟಿಗೆ, ಮತ್ತೆ ಇಂಥ ದಿನ ಯಾವಾಗಲೋ, ಬರುತ್ತದೋ ಇಲ್ಲವೋ.

ಆ ಸಂಜೆ ನನ್ನ ಬಸ್ಸು ಕೂಳೂರು ಸೇತುವೆಯ ಮೇಲೆ ಲಾರಿಗಳ ನಡುವೆ ಸಿಕ್ಕಿಬಿದ್ದಾಗಲೇ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಸುರುವಾಗಿತ್ತು. ಹೇಗೋ ಸಮಯಕ್ಕೆ ತಲುಪಿದೆ. ಗ್ಯಾಲರಿ ನೋಡಿದರೆ ಬಾಪ! ಅಂಗಡಿಗೆ ಬೇಗ ಬೀಗ ಹಾಕಿ ಬಂದಿದ್ದರು. ಆಟದ ತಲೆಬುಡ ಗೊತ್ತಿಲ್ಲ, ಆದರೂ ಬಟ್ಟೆಚೀಲ ತೊಡೆಯ ಮೇಲಿಟ್ಟು ನೆಟ್ಟಗೆ ಕುಳಿತಿದ್ದರು. ಅಂಗಡಿಯ ವಾಸನೆಗೆ ಇರಬೇಕು, ಅವರ ಅಕ್ಕಪಕ್ಕ ಸಾಕಷ್ಟು ಜಾಗ ಖಾಲಿ ಇತ್ತು.

ಆಟ ಹಿಡಿತಕ್ಕೆ ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಂತಿತು. ಬಾಯಮ್ಮ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ, ಮೂರನೆಯ ರೆಫರಿ ನಡುವಿನಲ್ಲಿ. ಬಾಯಮ್ಮನ ಕೈ ಮೇಲೇಳುವ ಮೊದಲೇ ಆಟಗಾರ್ತಿಯರು ನಿಲ್ಲುತ್ತಿದ್ದರು. ಐವತ್ತು ದಾಟಿದ ಹೆಂಗಸು, ಅವರ ಒಂದು ಬೆರಳಿಗೆ ಇಷ್ಟು ಜನ ಇಷ್ಟೆತ್ತರದವರು ತಲೆಬಾಗುವುದನ್ನು ಕಂಡು ನನಗೆ ರೋಮಾಂಚನವಾಯಿತು. ನಾನೂ ಊದಿದೆ, ಕೈ ತೋರಿಸಿದೆ, ಯಾರೂ ಎದುರಾಡಲಿಲ್ಲ. ಪರವಾಗಿಲ್ಲ, ಇದು ನನ್ನಿಂದ ಆಗುತ್ತದೆ ಅಂತ ಅನ್ನಿಸತೊಡಗಿತ್ತು.

ಕೊನೆಯ ಕ್ವಾರ್ಟರಿನಲ್ಲಿ ಅದು ನಡೆಯಿತು. ಎದುರು ತಂಡದ ಒಬ್ಬ ಗಿಡ್ಡ ಹುಡುಗಿ, ಮಿಂಚಿನಂಥವಳು, ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗಿದಳು. ಆ ಎತ್ತರದ ಸೆಂಟರ್ ಹುಡುಗಿ ಅಡ್ಡ ನಿಂತು ಎರಡೂ ಕೈ ಮೇಲೆತ್ತಿ ನೇರಕ್ಕೆ ಹಾರಿದಳು. ಗಿಡ್ಡವಳು ಅವಳಿಗೆ ಡಿಕ್ಕಿ ಹೊಡೆದು ಧೊಪ್ಪನೆ ಬಿದ್ದಳು. ನಾನು ಊದಿದೆ. ಊದಿ ಎತ್ತರದವಳ ಕಡೆ ಬೆರಳು ತೋರಿಸಿದೆ. ತೋರಿಸಿ ಕತ್ತೆತ್ತಿ ನೋಡಿದರೆ ಅವಳ ಎರಡೂ ಕೈ ಇನ್ನೂ ತಲೆಮೇಲಿನ ಮಾಡಿನ ಕಡೆಗೇ ನೆಟ್ಟಗೆ ಇದ್ದವು. ಅವಳು ಯಾರನ್ನೂ ಮುಟ್ಟಿರಲಿಲ್ಲ. ನೇರಕ್ಕೆ ಹಾರುವುದು ಅವಳ ಹಕ್ಕು, ಬಂದು ಗುದ್ದಿದವಳು ಇವಳು. ಚಿಕ್ಕವಳು ಬಿದ್ದರೆ ದೊಡ್ಡವಳದ್ದೇ ತಪ್ಪು ಎಂಬ ನನ್ನ ಶಾಲೆಯ ಕಾನೂನು, ನನ್ನ ಬುದ್ಧಿಗಿಂತ ಮೊದಲೇ ವಿಶಲ್‌ಗೆ ಹೋಗಿ ಮುಟ್ಟಿತ್ತು.

ಮಾತು ಆಡಿದರೆ ಹೋಯ್ತು ಅನ್ನುತ್ತಾರಲ್ಲ, ವಿಶಲ್ ಅದಕ್ಕಿಂತ ಕಷ್ಟ. ಅದು ಅವಳಿಗೆ ಐದನೆಯ ಫೌಲ್. ಐದಾದರೆ ಆಟದಿಂದ ಹೊರಗೆ, ಮತ್ತೆ ಒಳಗೆ ಬರುವ ಹಾಗಿಲ್ಲ. ಅವಳು ನನ್ನನ್ನು ನೋಡಿದಳು, ಹೋಗಿ ತನ್ನವರ ಬೆಂಚಿನ ತುದಿಯಲ್ಲಿ ಟವೆಲ್ ಬಾಯಿಗೆ ಒತ್ತಿಕೊಂಡು ಕುಳಿತಳು. ಗ್ಯಾಲರಿಯಿಂದ ಯಾರೋ "ರೆಫರೀ, ಕನ್ನಡಕ ಬೇಕಾ?" ಅಂತ ಕೂಗಿದರು. ಬೇಕಿತ್ತು, ನಿಜ.

ಅವಳಿಲ್ಲದ ತಂಡದ ಮುನ್ನಡೆ ಕರಗಿತು. ಕೊನೆಯ ಕೆಲವು ಸೆಕೆಂಡುಗಳು ಉಳಿದಾಗ ಅವರು ಒಂದೇ ಒಂದು ಅಂಕ ಹಿಂದೆ, ಚೆಂಡು ಅವರದ್ದೇ ಕೈಯಲ್ಲಿ. ಅವರಲ್ಲೊಬ್ಬಳು ನನ್ನ ಎದುರಿಗೇ ನುಗ್ಗಿ ಬುಟ್ಟಿಗೆ ಹಾರಿದಳು. ಅದೇ ಗಿಡ್ಡ ಹುಡುಗಿ ಜೊತೆಗೆ ಹಾರಿ ಚೆಂಡಿಗೆ ಕೈ ಹಾಕಿದಳು. ಚೆಂಡು ದೂರ ಹಾರಿತು, ಎಸೆದವಳು ಬಂದು ನನ್ನ ಕಾಲಬುಡದಲ್ಲಿ ಬಿದ್ದಳು. ಅವರ ಬೆಂಚಿಗೆ ಬೆಂಚೇ ಎದ್ದಿತು. "ಫೌಲ್! ಫೌಲ್!" ಗ್ಯಾಲರಿ ಎದ್ದಿತು. ಬಾಪನೂ ಎದ್ದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಊದು, ಊದಿಬಿಡು ಅಂತ ನನ್ನ ಮೈಯೆಲ್ಲ ಹೇಳುತ್ತಿತ್ತು. ಒಂದೇ ಒಂದು ಊದು, ಅವರಿಗೆ ಎರಡು ಫ್ರೀ ಥ್ರೋ, ಬಹುಶಃ ಗೆಲುವು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಐದನೆಯ ಫೌಲಿನ ಪಾಪ ತೊಳೆದುಹೋಗುತ್ತದೆ, ಬೆಂಗಳೂರಿನ ಪರಿಶೀಲಕರಿಗೂ ಸಮಾಧಾನ. ಆದರೆ ನಾನು ಕಣ್ಣಾರೆ ಕಂಡಿದ್ದೆ. ಗಿಡ್ಡವಳ ಕೈ ಬಿದ್ದದ್ದು ಚೆಂಡಿನ ಮೇಲೆ ಮಾತ್ರ. ಎಸೆದವಳ ಕೂದಲೂ ಕೊಂಕಿರಲಿಲ್ಲ, ಬಿದ್ದದ್ದು ಅವಳ ಓಟದ ರಭಸಕ್ಕೆ. ಇಲ್ಲದ್ದನ್ನು ಉಂಟು ಅಂತ ಹೇಗೆ ಹೇಳುವುದು? ವಿಶಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಊದಲಿಲ್ಲ. ಬಜರ್ ಹೊಡೆಯಿತು, ಆಟ ಮುಗಿಯಿತು, ಆ ತಂಡ ಸೋತಿತು.

ನಮ್ಮ ಕೋಣೆಗೆ ಪರಿಶೀಲಕರು ಬಂದರು. ಬೆವರು ಒರೆಸಿಕೊಳ್ಳಲೂ ಬಿಡದೆ ಕೇಳಿದರು.

"ಆ ಐದನೇ ಫೌಲ್?"

"ತಪ್ಪು ಸರ್."

"ಯಾವಾಗ ಗೊತ್ತಾಯ್ತು?"

"ಊದಿದ ಕೂಡಲೇ."

"ಕೊನೇದು?"

"ಅದು ಇರ್ಲಿಲ್ಲ ಸರ್. ಇದ್ದಿದ್ರೆ ಊದ್ತಿದ್ದೆ."

ಅವರು "ಹ್ಞೂಂ" ಅಂದು ಹೊರಟುಹೋದರು. "ಆ ಹ್ಞೂಂ ಒಳ್ಳೆದಾ ಕೆಟ್ಟದಾ ಬಾಯಮ್ಮ?" ಅಂತ ಕೇಳಿದೆ. "ನಂಗೆಂತ ಗೊತ್ತು? ಮೊದಲು ನೀರು ಕುಡಿ" ಅಂದರು ಅವರು.

ಮುಖ ತೊಳೆಯಲು ಹಿತ್ತಲಿನ ನಲ್ಲಿಯ ಹತ್ತಿರ ಹೋದರೆ ಅಲ್ಲಿ ಅವಳು. ಎತ್ತರದ ಹುಡುಗಿ. ಕಣ್ಣು ಕೆಂಪಗಾಗಿ ಊದಿಕೊಂಡಿತ್ತು. ವಾಪಸ್ ತಿರುಗೋಣ ಅಂದುಕೊಂಡೆ, ಅಷ್ಟರಲ್ಲಿ ನೋಡಿಬಿಟ್ಟಳು.

"ಮೇಡಂ, ನನ್ನದು ಫೌಲ್ ಆಗಿರ್ಲಿಲ್ಲ" ಅಂದಳು.

"ಆಗಿರ್ಲಿಲ್ಲ. ನನ್ನದೇ ತಪ್ಪು" ಅಂದೆ. ಇನ್ನೇನು ಹೇಳುವುದು? ಬೈಯಲಿ, ನಾಲ್ಕು ಮಾತು ಆಡಲಿ, ಕೇಳಿಸಿಕೊಳ್ಳುವುದು ನ್ಯಾಯ ಅಂದುಕೊಂಡು ನಿಂತೆ. ಅವಳು ನಲ್ಲಿ ಬಂದ್ ಮಾಡಿದಳು. ಟವೆಲಿನಿಂದ ಮುಖ ಒರೆಸಿದಳು.

"ಕೊನೇದೂ ಫೌಲ್ ಅಲ್ಲ ಮೇಡಂ. ನೀಟಾಗಿ ಬಾಲ್ ಹೊಡೆದ್ಲು" ಅಂದಳು.

ಆಗ ನೆನಪಾಯಿತು. ಆ ಕೊನೆಯ ಗಳಿಗೆಯಲ್ಲಿ ಅವರ ಬೆಂಚಿನವರೆಲ್ಲ ಎದ್ದು ಕಿರುಚುವಾಗ, ತುದಿಯಲ್ಲಿ ಒಬ್ಬಳು ಮಾತ್ರ ಕುಳಿತೇ ಇದ್ದಳು. ನನ್ನಿಂದ ಹೊರಗೆ ಹೋದವಳು. ತನ್ನ ತಂಡ ಸೋಲುತ್ತಿದೆ, ಒಂದು ಕೂಗಿಗೆ ಗೆಲ್ಲಬಹುದು, ಆದರೂ ಅವಳು ಕೂಗಿರಲಿಲ್ಲ. ಆ ದಿನ ನಾನು ಅವಳ ಎತ್ತರವನ್ನು ಎಷ್ಟು ಸಲ ಕತ್ತೆತ್ತಿ ನೋಡಿದ್ದೆನೋ. ನಿಜವಾದ ಎತ್ತರ ಕಂಡದ್ದು ಆ ನಲ್ಲಿಯ ಹತ್ತಿರ. ಅವಳು ಚೀಲ ಹೆಗಲಿಗೆ ಹಾಕಿ ತನ್ನವರ ಬಸ್ಸಿನ ಕಡೆ ನಡೆದಳು.

ಬಾಪನ ಸ್ಕೂಟರಿನ ಹಿಂದೆ ಕುಳಿತು ನಾನು ಮನೆಗೆ ಹೋಗುವಾಗ, ಮಗಳನ್ನು ಮೋಳೆ ಅಂತಲೇ ಕರೆಯುವ ಅವರು ಕೇಳಿದರು. "ಆ ಉದ್ದದ ಹುಡುಗಿಗೆ ಅನ್ಯಾಯ ಆಯ್ತಲ್ಲ ಮೋಳೆ?"

"ಆಯ್ತು ಬಾಪ."

"ಮತ್ತೆ ನೀನು ಅವಳಿಗೆ ಎಂತ ಕೊಟ್ಟೆ?"

"ಎಂತದ್ದೂ ಇಲ್ಲ."

ಬಾಪ ಗೇರ್ ಬದಲಾಯಿಸಿದರು. ಕೊಸರು ಕೊಡದೆ ಒಬ್ಬ ಗಿರಾಕಿಯನ್ನೂ ಕಳಿಸದ ಮನುಷ್ಯ, ನನ್ನ ಮೇಲೆ ಬೇಜಾರಾಗಿರಬೇಕು ಅಂದುಕೊಂಡೆ.

ಮುಂದಿನ ಭಾನುವಾರ ನಾನು ಅಂಗಡಿಯಲ್ಲಿದ್ದೆ. ಬಾಯಮ್ಮನ ಫೋನ್ ಬಂತು. "ಉಂಟಾ ಇಲ್ವಾ?" ಅಂತ ನಾನು ಹಲೋ ಕೂಡ ಹೇಳದೆ ಕೇಳಿದೆ.

"ಹೆಸರು ಉಂಟು ಮಾರಾಯ್ತಿ. ತಪ್ಪು ಯಾರಿಂದಲೂ ಆಗ್ತದೆ, ಅದಕ್ಕೆ ಇನ್ನೊಂದು ತಪ್ಪು ಸೇರಿಸ್ಲಿಲ್ಲ ಅಂತ ಬೆಂಗಳೂರಿನವರು ಹೇಳಿದ್ರಂತೆ. ಮುಂದಿನ ತಿಂಗಳು ಹುಬ್ಬಳ್ಳಿಗೆ. ಹೊಸ ಶೂ ತಗೊ, ನಿನ್ನ ಹಳೇದು ನೋಡ್ಲಿಕ್ಕೆ ಆಗುದಿಲ್ಲ."

ನಾನು ಕಿರುಚಿದ್ದಕ್ಕೆ ಎದುರಿನ ಅಂಗಡಿಯವರೂ ಇಣುಕಿದರು. ಬಾಪ ಒಬ್ಬ ಹೆಂಗಸಿಗೆ ಒಣ ಸಿಗಡಿ ತೂಗುತ್ತಿದ್ದರು. ತಕ್ಕಡಿಯ ಅಂಕೆ ಇನ್ನೂ ಏರುತ್ತಿತ್ತು. ಆ ಹೆಂಗಸು ಅವಸರದವರು.

"ಕೊಸರು ಹಾಕಿ ಕಾಕ, ಮಗಳಿಗೆ ಎಂತದೋ ಖುಷಿ ಉಂಟಲ್ಲ!" ಅಂದರು.

"ತೂಕ ಆಗ್ಲಿ ಅಕ್ಕ, ಮೊದಲು ತೂಕ ಆಗ್ಲಿ" ಅಂದರು ಬಾಪ. "ತೂಕ ಆಗುವ ಮೊದಲು ಹಾಕಿದ್ದು ಕೊಸರಲ್ಲ, ಅದು ನಿಮ್ಮದೇ ಸಿಗಡಿ."

ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಈ ಮಾತು ಕೇಳಿದ್ದೆ, ಕಿವಿಗೆ ಬಿದ್ದದ್ದು ಆ ದಿನ. ಅಂಕೆ ಏರಿ ಸರಿಯಾಗಿ ಒಂದು ಕಿಲೋದಲ್ಲಿ ನಿಂತಿತು. ಬಾಪ ಒಂದು ಗಳಿಗೆ ಕಾದು ನೋಡಿದರು. ಆಮೇಲೆ ಒಂದು ದೊಡ್ಡ ಹಿಡಿ ಸಿಗಡಿ ತೆಗೆದು ಮೇಲೆ ಸುರಿದರು. ನನಗೆ ನಲ್ಲಿಯ ಹತ್ತಿರದ ಹುಡುಗಿಯ ಎರಡನೆಯ ಮಾತು, ಕೊನೇದೂ ಫೌಲ್ ಅಲ್ಲ ಅಂದದ್ದು, ನೆನಪಾಯಿತು. ಮೊದಲನೆಯದು, ತನ್ನದು ಫೌಲ್ ಆಗಿರಲಿಲ್ಲ ಅಂದದ್ದು, ಅವಳಿಗೆ ನಾನು ಕೊಡಬೇಕಾಗಿದ್ದ ತೂಕ. ಎರಡನೆಯದನ್ನು ಅವಳು ಹೇಳಲೇಬೇಕೆಂದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

"ಎಂತ ಮೋಳೆ," ಬಾಪ ಕೈ ಕೊಡವಿಕೊಳ್ಳುತ್ತ ಹತ್ತಿರ ಬಂದರು, "ಖುಷಿಯ ಸುದ್ದಿ ಅಂತ ಕಿರುಚಿ ಈಗ ಅಳುವುದಾ?"